ಮೆಂಡೇಲಿಯನ್ ರ‍್ಯಾಂಡಮೈಸೇಶನ್: ರೋಗದ ಕಾರಣ ಹುಡುಕಲು ಜೀನ್‌ಗಳ ಸಾಕ್ಷ್ಯ

ಪುಣೆಯಲ್ಲಿ ನೆಲೆಸಿರುವ ನಮ್ಮ ಸಸ್ಯಾಹಾರಿ ಕನ್ನಡ ಕುಟುಂಬಗಳಿಗೆ ರಕ್ತಪರೀಕ್ಷೆಯ ಎರಡು ಸಾಲುಗಳು ಚೆನ್ನಾಗಿ ಪರಿಚಯ: ಬಿ12 ವಿಟಮಿನ್ ಕಡಿಮೆ, ಹೋಮೋಸಿಸ್ಟೀನ್ (ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಒಂದು ಅಮೈನೋ ಆಮ್ಲ) ಹೆಚ್ಚು. ಮನೆಯಲ್ಲಿ ಬಸುರಿ ಇದ್ದರಂತೂ ಆತಂಕ ಇಮ್ಮಡಿಯಾಗುತ್ತದೆ. ಹೋಮೋಸಿಸ್ಟೀನ್ ಹೆಚ್ಚಿರುವ ತಾಯಂದಿರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ತೂಕ ಇಳಿಸಿದ್ದು ಹೋಮೋಸಿಸ್ಟೀನೇ ಹೌದೇ? ಬಡತನ, ಅರೆಹೊಟ್ಟೆ, ಹೊಲದ ದುಡಿಮೆ ಇವೇ ಹೋಮೋಸಿಸ್ಟೀನನ್ನು ಏರಿಸಿ, ಮಗುವಿನ ತೂಕವನ್ನೂ ಇಳಿಸಿರಬಹುದಲ್ಲ? ಹೀಗೆ ಮರೆಯಲ್ಲಿದ್ದು ಎರಡೂ ಕಡೆ ಕೈಯಾಡಿಸುವ ಸಂಗತಿಗೆ ಸಂಶೋಧಕರು ಕನ್‌ಫೌಂಡರ್ ಎನ್ನುತ್ತಾರೆ. ಪ್ರಯೋಗ ಮಾಡಿ ನೋಡೋಣವೆಂದರೆ, ಬಸುರಿಯರ ಹೋಮೋಸಿಸ್ಟೀನನ್ನು ಬೇಕೆಂದೇ ಏರಿಸಲು ಯಾರಿಗೂ ಮನಸ್ಸು ಬಾರದು, ಬರಲೂಬಾರದು.

ಇಲ್ಲಿ ನೆರವಿಗೆ ಬರುವುದು ಮೆಂಡೇಲಿಯನ್ ರ‍್ಯಾಂಡಮೈಸೇಶನ್. ಬಟಾಣಿ ಗಿಡಗಳ ಮೇಲಿನ ತನ್ನ ಪ್ರಯೋಗಗಳನ್ನು ಗ್ರೆಗರ್ ಮೆಂಡೆಲ್ 1865ರಲ್ಲಿ ಮಂಡಿಸಿದ. ಅಲ್ಲಿಂದ ಬೆಳೆದ ತಿಳಿವಳಿಕೆ ಇದು: ತಂದೆ ಅಥವಾ ತಾಯಿಯಲ್ಲಿರುವ ಜೀನ್‌ನ ಎರಡು ಪ್ರತಿಗಳಲ್ಲಿ ಮಗುವಿಗೆ ಯಾವುದು ಬರುತ್ತದೆ ಎಂಬುದು ಚೀಟಿ ಎತ್ತಿದಂತೆ, ಬರೀ ಆಕಸ್ಮಿಕ. ಆಮೇಲೆ ಸಂಬಳ ಏರಿದರೂ, ಊಟ ಬದಲಾದರೂ, ಕಾಯಿಲೆ ಬಂದರೂ ಹುಟ್ಟಿನಿಂದ ಬಂದ ಆ ಪಾಲು ಬದಲಾಗದು. ಹೀಗಾಗಿ ಹೋಮೋಸಿಸ್ಟೀನನ್ನು ಜೀವನಪೂರ್ತಿ ತುಸು ಏರಿಸುವ ಜೀನ್ ರೂಪ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದರೆ, ಪ್ರಕೃತಿಯೇ ನಡೆಸಿದ ಪ್ರಯೋಗದ ಫಲಿತಾಂಶ ಓದಿದ ಹಾಗೆ. ರೋಗವೇ ಕಾರಣವನ್ನು ಬದಲಿಸಿತೇ ಎಂಬ ತಿರುಗುಮುರುಗಿನ ಅನುಮಾನವೂ ಬಹುಪಾಲು ತೀರುತ್ತದೆ.

ನೆದರ್‌ಲೆಂಡ್ಸ್‌ನ ಮಾರ್ಟೈನ್ ಕಟಾನ್ 1986ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಬರೆದ ಪತ್ರದಲ್ಲಿ, ಕೊಲೆಸ್ಟರಾಲ್ ಕಡಿಮೆಯಾದರೆ ಕ್ಯಾನ್ಸರ್ ಬರುತ್ತದೆಯೇ ಎಂಬ ಪ್ರಶ್ನೆಗೆ ಇಂಥದ್ದೇ ದಾರಿ ಸೂಚಿಸಿದ್ದರು. 2003ರಲ್ಲಿ ಬ್ರಿಟನ್‌ನ ಸಂಶೋಧಕರಾದ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಬರೆದ ಲೇಖನದ ನಂತರ ಇದು ಪೂರ್ಣ ವಿಧಾನವಾಗಿ ಬೆಳೆಯಿತು.

ನಮಗೆ ಹತ್ತಿರದ ಉದಾಹರಣೆ ಪುಣೆ ಮತ್ತು ಮೈಸೂರುಗಳದ್ದೇ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸುತ್ತಲಿನ ಆರು ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನ ಆರಂಭಿಸಿದ್ದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಬಸುರಿಯರನ್ನು ಕುರಿತ ಪಾರ್ಥೆನಾನ್ ಎಂಬ ಅಧ್ಯಯನ 1997ರಲ್ಲಿ ಶುರುವಾಗಿತ್ತು. ಎರಡರ ಮಾಹಿತಿಯನ್ನೂ ಸೇರಿಸಿ 2014ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಫೋಲೇಟ್ ಎಂಬ ಬಿ ವಿಟಮಿನ್‌ನ ಬಳಕೆಗೆ ದೇಹಕ್ಕೆ ಬೇಕಾದ ಎಂಟಿಎಚ್‌ಎಫ್‌ಆರ್ ಕಿಣ್ವವನ್ನು ನಿಧಾನಗೊಳಿಸುವ ಒಂದು ಜೀನ್ ರೂಪವಿದೆ. ಅದಿದ್ದರೆ ಹೋಮೋಸಿಸ್ಟೀನ್ ಏರುತ್ತದೆ. ಆ ರೂಪವಿದ್ದ ತಾಯಂದಿರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟಿದ್ದು ಕಂಡುಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ದೊಡ್ಡ ಸಂದೇಹ ಉಳಿಯುತ್ತಿತ್ತು. ಮಗುವಿಗೆ ತಾಯಿಯ ಅರ್ಧ ಜೀನ್‌ಗಳು ಬರುತ್ತವಲ್ಲ, ತೂಕ ಇಳಿದದ್ದು ಮಗುವಿನದೇ ಜೀನ್‌ನಿಂದ ಇರಬಾರದೇಕೆ? ಸಂಶೋಧಕರು ಮಕ್ಕಳ ಜೀನ್ ರೂಪವನ್ನೂ ಪರಿಶೀಲಿಸಿದರು. ಅದಕ್ಕೂ ಹುಟ್ಟುತೂಕಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಬೆರಳು ಗರ್ಭದೊಳಗಿನ ಪರಿಸರದತ್ತ ತೋರಿತು. ಇಡೀ ಅಧ್ಯಯನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ಹೆಜ್ಜೆ ಇದು.

ಜನಪ್ರಿಯ ನಂಬಿಕೆಗಳನ್ನು ಕೆಡವಿದ್ದೂ ಇದೇ ವಿಧಾನ. ‘ಒಳ್ಳೆಯ ಕೊಲೆಸ್ಟರಾಲ್’ ಎಂದು ನಾವೆಲ್ಲ ಕೊಂಡಾಡುವ ಎಚ್‌ಡಿಎಲ್ ಅನ್ನು ಹುಟ್ಟಿನಿಂದಲೇ ಏರಿಸುವ ಜೀನ್ ರೂಪವೊಂದು ಇದ್ದವರಿಗೆ ಹೃದಯಾಘಾತವೇನೂ ಕಡಿಮೆಯಾಗಿರಲಿಲ್ಲ ಎಂದು 2012ರ ಅಧ್ಯಯನ ತೋರಿಸಿತು.

ಹಾಗೆಂದು ಪಕ್ಷಪಾತವೇ ಇಲ್ಲದ ವಿಧಾನವೆಂದು ತಿಳಿಯಬಾರದು. ಆಯ್ದ ಜೀನ್ ರೂಪ ನಿಜಕ್ಕೂ ನಾವು ಪರೀಕ್ಷಿಸುತ್ತಿರುವ ಅಂಶವನ್ನು (ಹೋಮೋಸಿಸ್ಟೀನ್‌ನಂಥದ್ದನ್ನು) ಬದಲಿಸುತ್ತಿರಬೇಕು. ಮರೆಯಲ್ಲಿರುವ ಕನ್‌ಫೌಂಡರ್‌ಗಳ ಜೊತೆ ಅದಕ್ಕೆ ನಂಟಿರಬಾರದು. ರೋಗಕ್ಕೆ ಆ ಅಂಶದ ಮೂಲಕವೇ ಹೊರತು ಬೇರೆ ದಾರಿಯಿಂದ ತಲುಪಬಾರದು. ಮೂರನೆಯದನ್ನು ಪೂರ್ತಿ ಸಾಬೀತು ಮಾಡಲು ಆಗದು, ಏಕೆಂದರೆ ಒಂದೇ ಜೀನ್ ಹಲವು ಕೆಲಸ ಮಾಡುತ್ತಿರುತ್ತದೆ. ಎರಡನೆಯದು ನಮ್ಮ ದೇಶದಲ್ಲಿ ವಿಶೇಷವಾಗಿ ಕಾಡುತ್ತದೆ. ತಲೆತಲಾಂತರದಿಂದ ಜಾತಿಯೊಳಗೇ ಮದುವೆ ನಡೆದಿರುವುದರಿಂದ ಸಮುದಾಯದಿಂದ ಸಮುದಾಯಕ್ಕೆ ಜೀನ್ ರೂಪಗಳ ಪ್ರಮಾಣವೂ ಬೇರೆ, ತಾಟಿನಲ್ಲಿರುವ ಊಟವೂ ಬೇರೆ. ಎಲ್ಲರನ್ನೂ ಒಂದೇ ರಾಶಿಗೆ ಸುರಿದರೆ ಊಟದ ಪರಿಣಾಮವನ್ನು ಜೀನ್‌ನದೆಂದು ಓದಿಬಿಡಬಹುದು. ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದ್ದೇ ಆಗಿರುವಾಗ, ಪುಣೆ ಮೈಸೂರಿನಂಥ ಅಧ್ಯಯನಗಳು ನಮಗೆ ಇನ್ನೂ ಬಹಳ ಬೇಕು.

ಇನ್ನೊಂದು ಮಾತು. ಈ ವಿಧಾನ ಮಾತಾಡುವುದು ಗುಂಪುಗಳ ಬಗ್ಗೆ. ನಿಮ್ಮ ಮಗಳ ಹೆರಿಗೆಯ ಭವಿಷ್ಯವನ್ನು ಅದು ಹೇಳಲಾರದು. ಹೆಲ್ತ್ ಪ್ಯಾಕೇಜ್‌ನಲ್ಲಿ ಎಂಟಿಎಚ್‌ಎಫ್‌ಆರ್ ಪರೀಕ್ಷೆ ಕಂಡರೆ ಅದಕ್ಕೆ ದುಡ್ಡು ಸುರಿಯುವ ಮೊದಲು ಬಿ12 ಎಷ್ಟಿದೆ ಎಂದು ನೋಡಿಸಿ, ವೈದ್ಯರನ್ನು ಕೇಳಿ. ಜೀನ್ ಬದಲಿಸಲಾಗದು, ಬಿ12 ಕೊರತೆಯನ್ನು ನೀಗಿಸಬಹುದು.