ಎಷ್ಟು ಡಿಗ್ರಿಗೆ ಬದಲಾಗಬೇಕು, ಹೇಳಿ ಸ್ವಾಮಿ

ನನ್ನ ಹತ್ತಿರ ಬರುವ ಬಿಲ್ಡರುಗಳು, ಆರ್ಕಿಟೆಕ್ಟುಗಳು ಎಲ್ಲರದ್ದೂ ಒಂದೇ ಬೇಡಿಕೆ. "ಸಾರ್, ಬಿಸಿಲು ಜಾಸ್ತಿ ಆದಾಗ ತಾನಾಗಿಯೇ ಬಿಸಿ ತಡೆಯೋ ಗಾಜು ಬೇಕು. ನ್ಯಾನೋ ಕೋಟಿಂಗ್ ಇದೆಯಂತಲ್ಲ?" ಇದೆ. ಆದರೆ ಎಷ್ಟು ಡಿಗ್ರಿಗೆ ಬದಲಾಗಬೇಕು ಎಂದು ಕೇಳಿದರೆ, "ಸೆಖೆ ಆದಾಗ" ಅಂತಾರೆ. ಗಾಜಿಗೆ ಸೆಖೆ ಗೊತ್ತಾಗಲ್ಲ ಸ್ವಾಮಿ.

ಇವರು ಕೇಳುವ ಕೋಟಿಂಗ್ ಹೆಚ್ಚಾಗಿ ವನೇಡಿಯಂ ಡೈಆಕ್ಸೈಡ್. ತಣ್ಣಗಿದ್ದಾಗ ಅದರ ವನೇಡಿಯಂ ಪರಮಾಣುಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ, ಎಲೆಕ್ಟ್ರಾನುಗಳು ಅಲ್ಲೇ ಸಿಕ್ಕಿಕೊಂಡಿರುತ್ತವೆ. 68 ಡಿಗ್ರಿ ಆಸುಪಾಸು ಬಂದರೆ ಜೋಡಿ ಬಿಡುತ್ತವೆ, ಎಲೆಕ್ಟ್ರಾನುಗಳು ಓಡಾಡತೊಡಗುತ್ತವೆ. ಪದರ ಲೋಹದ ಗುಣ ಪಡೆದು ಇನ್ಫ್ರಾರೆಡ್ ಕಿರಣಗಳನ್ನು, ಅಂದರೆ ಬಿಸಿಲಿನಲ್ಲಿ ಶಾಖ ತರುವ, ಕಣ್ಣಿಗೆ ಕಾಣದ ಕಿರಣಗಳನ್ನು, ತಡೆಯುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಮೋರಿನ್ 1959ರಲ್ಲೇ ಈ ಬದಲಾವಣೆಯನ್ನು ವರದಿ ಮಾಡಿದ್ದರು. ಇದರಲ್ಲಿ ಸೆನ್ಸರ್ ಇಲ್ಲ, ಚಿಪ್ ಇಲ್ಲ, ಯೋಚನೆಯಂತೂ ಇಲ್ಲವೇ ಇಲ್ಲ.

ನಮ್ಮ ಕಿಟಕಿಗೆ 68 ಡಿಗ್ರಿ ತೀರಾ ಜಾಸ್ತಿ. ಅದಕ್ಕೆ ಟಂಗ್‌ಸ್ಟನ್ ಬೆರೆಸುತ್ತೇವೆ. ನೂರು ವನೇಡಿಯಂ ಪರಮಾಣುಗಳಲ್ಲಿ ಒಂದರ ಜಾಗಕ್ಕೆ ಟಂಗ್‌ಸ್ಟನ್ ಬಂದರೆ ಬದಲಾಗುವ ಡಿಗ್ರಿ ಸಾಮಾನ್ಯವಾಗಿ 20ರಷ್ಟು ಇಳಿಯುತ್ತದೆ. ಹಾಗಂತ ಸುಮ್ನೆ ಸುರಿಯುವಂತಿಲ್ಲ. ಬೆರೆಸಿದಷ್ಟೂ ಬಿಸಿಯಲ್ಲಿ ತಡೆಯುವುದಕ್ಕೂ ತಂಪಿನಲ್ಲಿ ಬಿಡುವುದಕ್ಕೂ ಇರುವ ವ್ಯತ್ಯಾಸ ಕಮ್ಮಿಯಾಗುತ್ತದೆ.

ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಎಲ್ಲರೂ ಎಡವುವುದು. ಆ ಡಿಗ್ರಿ ಕೋಟಿಂಗಿನದು, ರೂಮಿನದಲ್ಲ. ಒಳಗೆ ಎ.ಸಿ. 24ರಲ್ಲಿದ್ದರೂ ಪಶ್ಚಿಮದ ಬಿಸಿಲು ಬಿದ್ದ ಗಾಜು ಕೈ ಇಡಲಾಗದಷ್ಟು ಕಾದಿರಬಹುದು. ಇನ್ನು ಕೋಟಿಂಗ್ ಆರಿ ಮೊದಲಿನ ಸ್ಥಿತಿಗೆ ವಾಪಸ್ ಬರುವಾಗ ಅದೇ ಡಿಗ್ರಿಗೆ ಬರುವುದಿಲ್ಲ, ಇನ್ನೂ ಕೆಳಗಿಳಿದ ಮೇಲೇ ಬರುತ್ತದೆ. ಕೋಟಿಂಗಿನ ಕಣಗಳು ಚಿಕ್ಕದಾದಷ್ಟೂ ಈ ಅಂತರ ಹಿಗ್ಗುವುದೂ ಉಂಟು. ಅಂದರೆ ನೀವು ಹೇಳಬೇಕಾದದ್ದು ಎರಡು ಡಿಗ್ರಿ. ಎಲ್ಲಿ ಬದಲಾಗಬೇಕು, ಎಲ್ಲಿ ಮರಳಬೇಕು.

ವೈಟ್‌ಫೀಲ್ಡ್ ಕಡೆಯ ಬಿಲ್ಡರೊಬ್ಬರು ಸ್ಯಾಂಪಲ್ ಗಾಜಿಗೆ ಹೇರ್ ಡ್ರೈಯರ್ ಹಿಡಿದು ನಿಂತಿದ್ದರು, ಪಾಪ. "ಕಪ್ಪಾಗಲೇ ಇಲ್ವಲ್ಲ ಸಾರ್, ಮೋಸ ಅಲ್ವಾ?" ಕಪ್ಪಾಗುವುದಿಲ್ಲ. ಮೊದಲೂ ತುಸು ಹಳದಿ ಮಿಶ್ರಿತ ಕಂದು, ಆಮೇಲೂ ಅದೇ. ಇನ್ಫ್ರಾರೆಡ್ ಮೀಟರ್ ಹಿಡಿದು ತೋರಿಸಿದೆ. ಅಂಕಿ ಇಳಿದಿತ್ತು. ಅವರ ಮುಖವೂ ಇಳಿಯಿತು. ಅತಿಥಿಗಳ ಎದುರು ತೋರಿಸಿಕೊಳ್ಳೋಕೆ ಏನೂ ಇಲ್ಲವಲ್ಲ! ಹಾಗೆ ಬಣ್ಣ ಬದಲಾಗಲೇಬೇಕು ಅಂದರೆ ಕರೆಂಟ್ ಕೊಟ್ಟು ಗಾಢವಾಗಿಸುವ ಟಂಗ್‌ಸ್ಟನ್ ಆಕ್ಸೈಡ್ ಗಾಜು ಇದೆ. ಅದರ ರೇಟೇ ಬೇರೆ.

ಕಟ್ಟಡ ನೋಡದೆ ಖಡಾಖಂಡಿತವಾಗಿ ಹೇಳಲಾರೆ. ಆದರೆ ಬೆಂಗಳೂರಿನ ಮಟ್ಟಿಗೆ ನನ್ನ ಅನುಮಾನ ಬೇರೆಯೇ ಇದೆ. ಬದಲಾಗುವ ಕೋಟಿಂಗ್ ಯಾಕೆ ಬೇಕು? ಚಳಿಗಾಲದಲ್ಲಿ ಬಿಸಿಲಿನ ಶಾಖ ಒಳಗೆ ಬರಲಿ ಅಂತ. ಹಿಮ ಬೀಳುವ ಊರಿಗೆ ಅದು ದೊಡ್ಡ ಲಾಭ. ಡಿಸೆಂಬರಿನಲ್ಲೂ ಎ.ಸಿ. ಹಾಕುವ ಔಟರ್ ರಿಂಗ್ ರೋಡಿನ ಆಫೀಸಿಗೆ? ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪದ ಬೆಳ್ಳಿ ಪದರವಿರುವ ಸೋಲಾರ್ ಕಂಟ್ರೋಲ್ ಗಾಜು ವರ್ಷವಿಡೀ ಶಾಖ ತಡೆಯುತ್ತದೆ, ಬದಲಾಗುವ ತಂಟೆಯೇ ಇಲ್ಲ. ಪಶ್ಚಿಮಕ್ಕೆ ಲಂಬವಾದ ಪಟ್ಟಿ, ದಕ್ಷಿಣಕ್ಕೆ ಒಳ್ಳೆಯ ಸಜ್ಜಾ ಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೂ ಬದಲಾಗುವುದೇ ಬೇಕೆಂದರೆ, ಯಾವ ಡಿಗ್ರಿಯಲ್ಲಿ ಎಷ್ಟು ಇನ್ಫ್ರಾರೆಡ್ ಒಳಬರುತ್ತದೆ ಎಂಬ ಗ್ರಾಫ್ ಮಾರುವವರ ಹತ್ತಿರ ಕೇಳಿ, ಬಿಸಿಯಾಗುವಾಗಿನದು, ಆರುವಾಗಿನದು, ಎರಡೂ. ಗಾಳಿಗೆ ಆಕ್ಸಿಡೈಸ್ ಆಗದಂತೆ ಮೇಲೆ ಏನು ಹೊದಿಸಿದ್ದಾರೆ ಅಂತಲೂ ಕೇಳಿ. ಬ್ರೋಷರ್ ನನಗೆ ಕಳಿಸಬೇಡಿ, ಗ್ರಾಫ್ ಕಳಿಸಿ.