ಮ್ಯಾಪ್ ತೋರಿಸುವ ಒಳದಾರಿ ಹಿಡಿಯಬಹುದಾ?

ಪ್ರಶ್ನೆ: ಮುಂದೆ ಟ್ರಾಫಿಕ್ ಜಾಮ್ ಆಗಿದೆ ಅಂತ ಮ್ಯಾಪ್‌ಗೆ ಹೇಗೆ ಗೊತ್ತಾಗುತ್ತದೆ? ಅದು ತೋರಿಸುವ ಒಳದಾರಿಯಲ್ಲಿ ಹೋದರೆ ತಪ್ಪೇನಾದರೂ ಇದೆಯಾ?

ಉತ್ತರ: ಗೊತ್ತಾಗುವುದು ನಮ್ಮಿಂದಲೇ. ಉಪಗ್ರಹ ಮೇಲಿನಿಂದ ನಮ್ಮನ್ನು ನೋಡುತ್ತಿರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಜಿಪಿಎಸ್ ಉಪಗ್ರಹಗಳು ಸಿಗ್ನಲ್ ಕಳಿಸುತ್ತವೆ, ಅಷ್ಟೇ. ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಹಿಡಿದು, ಎಲ್ಲಿದ್ದೇವೆ ಎಂದು ಲೆಕ್ಕ ಹಾಕುವುದು ನಮ್ಮ ಫೋನು. ಮ್ಯಾಪ್ ಆ್ಯಪ್‌ಗೆ ಲೊಕೇಶನ್ ಕೊಟ್ಟಿದ್ದರೆ ಆ ಲೆಕ್ಕ ಕಂಪನಿಗೂ ಹೋಗುತ್ತದೆ. ಒಂದು ರಸ್ತೆಯಲ್ಲಿ ಬಹಳಷ್ಟು ಫೋನುಗಳು ತೆವಳುತ್ತಿದ್ದರೆ ಆ ರಸ್ತೆ ಕೆಂಪಾಗುತ್ತದೆ.

ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಒಂದು ಕೈಗಾಡಿಯಲ್ಲಿ 99 ಫೋನು ಹಾಕಿಕೊಂಡು ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದರು. ಜಾಮ್ ಇಲ್ಲದ ಆ ರಸ್ತೆ ಗೂಗಲ್ ಮ್ಯಾಪ್ಸ್‌ನಲ್ಲಿ ಕೆಂಪಾಯಿತು. 2020ರಲ್ಲಿ ಅವರು ಬಿಟ್ಟ ಆ ವಿಡಿಯೊ ಜಗತ್ತೆಲ್ಲ ಸುತ್ತಿತು.

ಈಗ ಒಳದಾರಿಯ ಮಾತು. ನನ್ನ ಮನಸ್ಸಿಗೆ ಹೆಚ್ಚು ತಾಗುವುದು ಇದೇ. ಆ್ಯಪ್ ನೋಡುವುದು ನಿಮಗೆ ಎಷ್ಟು ನಿಮಿಷ ಉಳಿಯುತ್ತದೆ ಎಂದು. ಆ ಬೀದಿಯಲ್ಲಿ ಮಕ್ಕಳು ಆಡುತ್ತಾರಾ, ವಯಸ್ಸಾದವರು ದಾಟುತ್ತಾರಾ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಒಬ್ಬರು ನುಗ್ಗಿದರೆ ಏನೂ ಆಗದು. ಆದರೆ ಅದೇ ದಾರಿಯನ್ನು ಅದೇ ಹೊತ್ತಿನಲ್ಲಿ ಸಾವಿರ ಜನರಿಗೆ ತೋರಿಸಿದರೆ ಬೀದಿಯ ಬದುಕೇ ಬದಲಾಗುತ್ತದೆ, ಅಲ್ವಾ?

ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರಿನಲ್ಲಿ ಆಗಿದ್ದು ಇದೇ. ಅದು ನ್ಯೂಯಾರ್ಕ್‌ಗೆ ಹೋಗುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಹತ್ತಿರ ಇದೆ. ಸೇತುವೆಯ ಕಡೆ ಜಾಮ್ ಆದಾಗ ಆ್ಯಪ್‌ಗಳು ಗಾಡಿಗಳನ್ನು ಊರೊಳಗೆ ತಿರುಗಿಸುತ್ತಿದ್ದವು. ಮನೆಯ ಮುಂದೆ ನಿಲ್ಲಿಸಿದ ಕಾರನ್ನು ಹೊರಗೆ ತೆಗೆಯುವುದೂ ಕಷ್ಟವಾಯಿತು. 2018ರ ಜನವರಿಯಲ್ಲಿ ಊರಿನವರು ಸುಮಾರು 60 ಬೀದಿಗಳನ್ನು ಬೆಳಿಗ್ಗೆ, ಸಂಜೆ ಹೊರಗಿನ ಗಾಡಿಗಳಿಗೆ ಮುಚ್ಚಿಬಿಟ್ಟರು. ಅದೇ ವರ್ಷ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ರಸ್ತೆ ಎಲ್ಲರದ್ದು ಎಂಬ ವಾದವೂ ಸರಿಯೇ. ಆದರೆ ಅಲ್ಲಿ ವಾಸಿಸುವವರನ್ನು ಒಂದು ಮಾತೂ ಕೇಳದೆ ಅವರ ಬೀದಿಯನ್ನು ಹೆದ್ದಾರಿ ಮಾಡುವುದು ಅನ್ಯಾಯ ಎಂದೇ ನನಗನ್ನಿಸುತ್ತದೆ.

ಲೊಕೇಶನ್ ಕೊಡುವುದು ಬೇಡ ಅನಿಸಿದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಆ್ಯಪ್ ಬಳಸುವಾಗ ಮಾತ್ರ ಕೊಡುವ ಆಯ್ಕೆಯೂ ಇದೆ. ಆದರೆ ಬೀದಿಯವರಿಗೆ ಅಂಥ ಬಟನ್ ಇಲ್ಲ. ಅವರು ತಮ್ಮ ಫೋನನ್ನೇ ಆಫ್ ಮಾಡಿದರೂ ಗಾಡಿಗಳು ಬರುತ್ತಲೇ ಇರುತ್ತವೆ.

ಹಾಗಾಗಿ ಎರಡು ನಿಮಿಷ ಉಳಿಯುತ್ತದೆ ಎಂದಷ್ಟಕ್ಕೆ ನಾನು ಮನೆಗಳ ಬೀದಿಗೆ ಗಾಡಿ ತಿರುಗಿಸುವುದಿಲ್ಲ. ಶಾಲೆ ಬಿಡುವ ಹೊತ್ತಿನಲ್ಲಂತೂ ಇಲ್ಲವೇ ಇಲ್ಲ.