ಸಣ್ಣ ಕಾರು ಎಲ್ಲಾ ಸಹಿಸ್ಕೊಳ್ಳುತ್ತೆ, ತೊಂದ್ರೆ ಇರೋದೇ ಅಲ್ಲಿ

ನಮ್ಮ ಗ್ಯಾರೇಜಿಗೆ ಬರೋ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣ ಕಾರುಗಳೇ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಯಾನ್, ಕ್ವಿಡ್, ಅಪರೂಪಕ್ಕೆ ಅಪ್ಪ ತಗೊಂಡಿದ್ದು ಮಾರೋಕೆ ಮನಸಿಲ್ಲ ಅಂತ ಇಟ್ಕೊಂಡಿರೋ ಮಾರುತಿ 800. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೇಷ್ಟ್ರಿಗೂ ಇದೇ ಗಾಡಿ, ಅಡಿಕೆ ತೋಟದವ್ರಿಗೂ ಇದೇ ಗಾಡಿ. ಎಲ್ಲರ ಬಾಯಲ್ಲೂ ಒಂದೇ ಮಾತು, "ಏನೂ ಖರ್ಚಿಲ್ಲ ಅಣ್ಣ, ವರ್ಷಕ್ಕೊಂದ್ಸಲ ಆಯಿಲ್ ಚೇಂಜ್ ಮಾಡ್ಸಿದ್ರೆ ಮುಗೀತು." ನಿಜವೇ, ಈ ಗಾಡಿಗಳು ಅಷ್ಟು ಗಟ್ಟಿ. ಆದ್ರೆ ನನ್ನ ಅನುಭವದಲ್ಲಿ ಸಣ್ಣ ಕಾರು ಹಾಳಾಗೋದು ಕೆಟ್ಟು ಅಲ್ಲ, ಕೆಡದೇ ಇದ್ದು ಇದ್ದು. ದೊಡ್ಡ ಗಾಡಿ ಆದ್ರೆ ಒಂದು ಸೆನ್ಸರ್ ಕೈಕೊಟ್ರೂ ಡ್ಯಾಶ್‌ಬೋರ್ಡ್ ತುಂಬಾ ಲೈಟ್ ಹಾಕಿ ಗಲಾಟೆ ಮಾಡುತ್ತೆ, ಇದು ಪಾಪ ಹೇಳದೆ ಓಡ್ತಾನೇ ಇರುತ್ತೆ, ಓನರ್ ಏನೂ ಆಗಿಲ್ಲ ಅಂದ್ಕೊಂಡಿರ್ತಾರೆ.

ಮೊದಲು ಮೈಲೇಜ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಗೇಟ್ ಒಳಗೆ ಬಂದ ತಕ್ಷಣ ಶುರುವಾಗೋ ದೂರು ಅದೇ. 2012ರಲ್ಲಿ ಆಲ್ಟೊ 800 ಬಂದಾಗ ಬ್ರೋಶರಲ್ಲಿ ಲೀಟರಿಗೆ 22.74 ಕಿಲೋಮೀಟರ್ ಅಂತಿತ್ತು, 2022ರಲ್ಲಿ ಬಂದ ಆಲ್ಟೊ ಕೆ10 ಮ್ಯಾನ್ಯುಯಲ್‌ಗೆ 24.39. ಆ ಲೆಕ್ಕ ಬರೋದು ಲ್ಯಾಬಿನಲ್ಲಿ ಗಾಡಿನ ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಹೀಗ್ಹೀಗೇ ಓಡಿಸ್ಬೇಕು ಅಂತ ನಿಗದಿ ಮಾಡಿರೋ ರೀತಿಯಲ್ಲಿ ಓಡಿಸಿದಾಗ. ಅಲ್ಲಿ ಹುಲಿಕಲ್ ಘಾಟಿನೂ ಇಲ್ಲ, ಮನೆಯಿಂದ ಡೈರಿಗೆ ಎರಡು ಕಿಲೋಮೀಟರ್ ಹೋಗಿ ಎಂಜಿನ್ ಬಿಸಿಯಾಗೋದ್ರೊಳಗೆ ಆಫ್ ಮಾಡೋದೂ ಇಲ್ಲ. ನಮ್ಮ ಕಡೆ ರೋಡಲ್ಲಿ 16-18 ಬಂದ್ರೆ ಗಾಡಿ ಚೆನ್ನಾಗಿದೆ ಅಂತಾನೇ ನಾನು ಹೇಳೋದು. ಇನ್ನು ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿ ರಿಸರ್ವ್ ಲೈಟ್ ನೋಡ್ಕೊಂಡು ಲೆಕ್ಕ ಹಾಕೋದು ಬಿಟ್ಬಿಡಿ. ಪಂಪಿನಲ್ಲಿ ಗನ್ ತಾನಾಗೇ ಕಟ್ ಆಗೋ ತನಕ ತುಂಬಿಸಿ, ಮೀಟರ್ ಬರ್ಕೊಳ್ಳಿ, ಮುನ್ನೂರು ಕಿಲೋಮೀಟರ್ ಆದ್ಮೇಲೆ ಅದೇ ಪಂಪಿಗೆ ಹೋಗಿ ಮತ್ತೆ ಕಟ್ ಆಗೋ ತನಕ ತುಂಬಿಸಿ. ಓಡಿದ ಕಿಲೋಮೀಟರನ್ನ ಎರಡನೇ ಸಲ ಎಷ್ಟು ಲೀಟರ್ ಹಿಡೀತೋ ಅದರಿಂದ ಭಾಗಿಸಿ, ಅಷ್ಟೇ. ಇನ್ನು ಈಗ ಬರ್ತಿರೋ ಇ20 ಪೆಟ್ರೋಲ್, ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ್ದು. ಎಥನಾಲಲ್ಲಿ ಪೆಟ್ರೋಲಿಗಿಂತ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯೋದು ಸಹಜ. 2023ರ ಏಪ್ರಿಲ್‌ಗಿಂತ ಹಳೇ ಗಾಡಿ ಆದ್ರೆ ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಲೈನಿನ ರಬ್ಬರ್ ಪೈಪುಗಳನ್ನ ಒಂದ್ಸಲ ಮುಟ್ಟಿ ನೋಡೋಕೆ ಹೇಳಿ, ಅವನ್ನ ಇ20ಗೆ ಅಂತ ಮಾಡಿರದೇ ಇರಬಹುದು.

ಇದಕ್ಕಿಂತ ಮುಖ್ಯವಾದದ್ದು ತೂಕ, ಇದನ್ನ ಯಾರೂ ಲೆಕ್ಕ ಹಾಕಲ್ಲ. ಆಲ್ಟೊ 800 ಖಾಲಿ ಗಾಡಿ ಸುಮಾರು 700 ಕೆಜಿ ಚಿಲ್ಲರೆ. ಐದು ಜನ ದೊಡ್ಡೋರು, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಕಾಲಡಿ ಎರಡು ಬ್ಯಾಗು ಅಂದ್ರೆ ಹತ್ತತ್ರ 400 ಕೆಜಿ ಹೋಯ್ತು, ಗಾಡಿ ತೂಕದ ಅರ್ಧಕ್ಕಿಂತ ಜಾಸ್ತಿ. ಅದೇ ಲೋಡ್ ಒಂದೂವರೆ ಟನ್ನಿನ ದೊಡ್ಡ ಗಾಡಿಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಒಬ್ರೇ ಓಡಾಡುವಾಗ ಹಿಡಿದಷ್ಟು ದೂರದಲ್ಲಿ ಬ್ರೇಕ್ ಹಿಡಿಯಲ್ಲ, ಏರಿನಲ್ಲಿ ಪಿಕಪ್ ಇರಲ್ಲ, ಹಿಂದಿನ ಟೈರ್ ಗಾಳಿ ಅದೇ ಇದ್ರೆ ತಿರುವಿನಲ್ಲಿ ಗಾಡಿ ಓಲಾಡುತ್ತೆ. ಫುಲ್ ಲೋಡಿಗೆ ಗಾಳಿ ಎಷ್ಟಿರ್ಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತೆ, ಹೊರಡೋ ಮುಂಚೆ ಒಂದ್ಸಲ ನೋಡಿ.

ಇದರ ಜೊತೆಗೆ ಒಂದು ತಪ್ಪು ಉಳಿತಾಯ. ಮೇಲಿನ ಗೇರಲ್ಲಿ ಓಡಿಸಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ಯಾರೋ ಹೇಳಿರ್ತಾರೆ, ಅದನ್ನ ನಂಬ್ಕೊಂಡು ಏರಿನಲ್ಲೂ ಮೂರನೇ ಗೇರು ಬಿಡಲ್ಲ, ಗಾಡಿ ಗೊರಗೊರ ಅಂತ ಗೋಳಾಡ್ತಿರುತ್ತೆ. ಆಲ್ಟೊ 800ರ 796 ಸಿಸಿ ಎಂಜಿನ್ ಕೊಡೋದು ಒಟ್ಟು 69 ನ್ಯೂಟನ್ ಮೀಟರ್ ಟಾರ್ಕ್ (ಎಳೆಯೋ ಬಲ), ಅದೂ ಎಂಜಿನ್ 3500 ಆರ್‌ಪಿಎಂಗೆ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತಿಗೆ ಹೋದ್ಮೇಲೆ. ಕೆಳಗಿನ ಸುತ್ತಲ್ಲಿ ಅದರ ಕೈಲಿ ಆಗಲ್ಲ, ನೀವು ಆಕ್ಸಿಲರೇಟರ್ ನೆಲಕ್ಕೆ ಒತ್ತಿದಷ್ಟೂ ಪೆಟ್ರೋಲ್ ಕುಡಿಯುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಸೆಕೆಂಡಿಗೆ ಹಾಕಿ, ಕೂಗಲಿ ಬಿಡಿ, ಕೂಗಿದ್ರೆ ಎಂಜಿನ್ ಹಾಳಾಗಲ್ಲ. ಹಳೇ ಸಣ್ಣ ಗಾಡಿಗಳಲ್ಲಿ ಆರ್‌ಪಿಎಂ ಮೀಟರ್ ಇರೋದು ಕಮ್ಮಿ, ಕಿವಿನೇ ಮೀಟರ್.

ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕೋದಂತೂ ಇನ್ನೂ ಅಪಾಯ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಇಂಜೆಕ್ಟರ್ ಪೆಟ್ರೋಲ್ ಕೊಡೋದನ್ನೇ ನಿಲ್ಲಿಸುತ್ತೆ, ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಐಡಲಿಂಗ್ ಇಟ್ಕೊಳ್ಳೋಕೆ ಪೆಟ್ರೋಲ್ ಸುಡ್ಲೇಬೇಕು. ಅಂದ್ರೆ ಉಳಿಸ್ತೀನಿ ಅಂತ ಮಾಡೋ ಕೆಲಸದಲ್ಲೇ ಖರ್ಚು. ಎಂಜಿನ್ನೇ ಆಫ್ ಮಾಡಿ ಇಳಿಯೋರೂ ಇದ್ದಾರೆ ಮಾರಾಯ್ರೆ! ಆಫ್ ಮಾಡಿ ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ, ಪವರ್ ಸ್ಟೀರಿಂಗ್ ಇರಲ್ಲ, ಆಗುಂಬೆಯಲ್ಲಿ ಹದಿನಾಲ್ಕು ತಿರುವು ಇದೆ.

ಆಗುಂಬೆ ಅಂದಾಗ ಒಂದು ಗಾಡಿ ನೆನಪಾಯ್ತು. ಉಡುಪಿ ಕಡೆ ಮದುವೆ ಮುಗಿಸ್ಕೊಂಡು ಐದು ಜನ ಎಸಿ ಹಾಕ್ಕೊಂಡು ಘಾಟಿ ಹತ್ತಿದ್ದಾರೆ, ಅರ್ಧಕ್ಕೆ ಹೊಗೆ. ಟೋ ಮಾಡ್ಕೊಂಡು ಬಂದ್ರು. ಆಯಿಲ್ ಕ್ಯಾಪ್ ತಿರುಗಿಸಿ ನೋಡಿದ್ರೆ ಒಳಗಡೆ ಹಾಲು ಹಾಕಿದ ಕಾಫಿ ಥರ ನೊರೆ, ಅಂದ್ರೆ ನೀರು ಆಯಿಲ್ ಸೇರ್ಕೊಂಡಿದೆ, ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಹೆಡ್ ಗ್ಯಾಸ್ಕೆಟ್ ಹೋಗಿದೆ. ರೇಡಿಯೇಟರ್ ಬಿಚ್ಚಿದ್ರೆ, ಕೂಲೆಂಟ್ ಅಂದ್ರೆ ಎಂಜಿನ್ ತಂಪಿಡೋ ದ್ರವ ಇರಬೇಕಾದ ಕಡೆ ಕೆಂಪು ರಾಡಿ. "ಭಟ್ರೇ, ಕೂಲೆಂಟ್ ಯಾವಾಗ ಹಾಕ್ಸಿದ್ದು?" ಅಂದೆ. "ನಾನೇ ನೋಡಿ ನೋಡಿ ನೀರು ತುಂಬಿಸ್ತಿದ್ನಲ್ಲ" ಅಂದ್ರು. ಅಲ್ಲೇ ಇರೋದು ವಿಷಯ. ನೀರು ಕಮ್ಮಿ ಆಗ್ತಿದೆ ಅಂದ್ರೆ ಎಲ್ಲಿಗೆ ಹೋಗ್ತಿದೆ ಅಂತ ಕೇಳ್ಬೇಕಿತ್ತು, ಇವ್ರು ತುಂಬಿಸ್ಕೊಂಡೇ ಬಂದ್ರು, ಗಾಡಿನೂ ವರ್ಷಗಟ್ಟಲೆ ಸಹಿಸ್ಕೊಂಡೇ ಬಂತು. ಬರೀ ನೀರು ಕೂಲೆಂಟ್‌ಗಿಂತ ಬೇಗ ಕುದಿಯುತ್ತೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತೆ, ಆ ತುಕ್ಕೇ ರೇಡಿಯೇಟರಿನ ಸಣ್ಣ ಸಣ್ಣ ನಾಳಗಳನ್ನ ಕಟ್ಟುತ್ತೆ. ಎಷ್ಟೋ ಸಣ್ಣ ಕಾರಲ್ಲಿ ಟೆಂಪರೇಚರ್ ಮುಳ್ಳೂ ಇಲ್ಲ, ಒಂದು ಕೆಂಪು ಲೈಟ್ ಮಾತ್ರ, ಅದು ಹತ್ತೋ ಹೊತ್ತಿಗೆ ತಡವಾಗಿರುತ್ತೆ. ಕೂಲೆಂಟ್‌ಗೆ ಸಾವಿರ ರೂಪಾಯಿನೂ ಆಗ್ತಿರ್ಲಿಲ್ಲ, ಹೆಡ್ ಬಿಚ್ಚಿ ಲೇತಿಗೆ ಕಳಿಸಿ ಫೇಸಿಂಗ್ (ಮಟ್ಟಸ) ಮಾಡ್ಸಿ ಕೂರಿಸೋ ಹೊತ್ತಿಗೆ ಬಿಲ್ ಎಲ್ಲಿಗೆ ಹೋಯ್ತು ಅಂತ ಹೇಳೋದು ಬೇಡ.

ಮಲೆನಾಡಿನ ನಿಜವಾದ ಶತ್ರು ಮಾತ್ರ ಎಂಜಿನ್ ಕಡೆ ಇಲ್ಲ, ಕಾಲಡಿ ಇದೆ. ಮಳೆಗಾಲ ಮುಗಿದ್ಮೇಲೆ ನೀವೇ ಒಂದು ಕೆಲಸ ಮಾಡಿ, ರಬ್ಬರ್ ಮ್ಯಾಟ್ ತೆಗೆದು ಅದರ ಕೆಳಗಿನ ಕಾರ್ಪೆಟ್ ಎತ್ತಿ, ಅಡಿಯಲ್ಲಿರೋ ಫೆಲ್ಟನ್ನ ಕೈಯಲ್ಲಿ ಒತ್ತಿ ನೋಡಿ. ಮೇಲೆ ಒಣಗಿರುತ್ತೆ, ಒತ್ತಿದ್ರೆ ಬೆರಳ ಸಂದಿಯಲ್ಲಿ ನೀರು ಬರುತ್ತೆ, ಮುಗ್ಗಲು ವಾಸನೆ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಹತ್ರ ಜಾಲರಿ ಇದೆಯಲ್ಲ, ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸೋರ ಗಾಡಿಯಲ್ಲಿ ಎಲೆ ಕೊಳೆತು ಅಲ್ಲಿ ನೀರು ಹೋಗೋ ದಾರಿ ಮುಚ್ಚಿರುತ್ತೆ, ಆ ನೀರು ಕ್ಯಾಬಿನ್ ಒಳಗೆ ಇಳಿಯುತ್ತೆ. ಡೋರಿನ ಕೆಳಅಂಚಿನಲ್ಲೂ ಸಣ್ಣ ತೂತುಗಳಿರುತ್ವೆ, ಕೆಸರು ಕೂತು ಅವೂ ಬಂದ್, ಡೋರ್ ಹಾಕಿದ್ರೆ ಒಳಗೆ ಬಳಕ್ ಅಂತ ನೀರಿನ ಸದ್ದು ಕೇಳುತ್ತೆ. ಒಂದು ತಂತಿ ಸಾಕು ಬಿಡಿಸೋಕೆ. ತೋಟದವ್ರು ಡಿಕ್ಕಿಯಲ್ಲಿ ಪೊಟ್ಯಾಶ್ ಮೂಟೆ ತರ್ತಾರೆ, ಅದು ಕ್ಲೋರೈಡ್ ಉಪ್ಪು, ಚೆಲ್ಲಿದ್ದನ್ನ ಗುಡಿಸದೆ ಬಿಟ್ರೆ ಮಳೆಗಾಲದ ಪಸೆ ಹೀರ್ಕೊಂಡು ಸ್ಟೆಪ್ನಿ ಕೂರೋ ಗುಂಡಿಯನ್ನೇ ತಿಂದ್ಹಾಕುತ್ತೆ. ಕೆಳಗೆ ಟಾರ್ಪಾಲ್ ಹಾಸಿ. ಇನ್ನೊಂದು, ಒದ್ದೆ ತುಕ್ಕಿನ ಮೇಲೇ ಗಾಡಿ ಅಡಿಗೆ ಬಳಿಯೋ ಅಂಡರ್‌ಕೋಟಿಂಗ್ ಹೊಡಿಸ್ಬೇಡಿ, ತುಕ್ಕು ಒಳಗೇ ಬೆಳೆಯುತ್ತೆ, ಮೇಲಿಂದ ಕಪ್ಪಗೆ ಚೆಂದ ಕಾಣುತ್ತೆ ಅಷ್ಟೇ.

ಕ್ಲಚ್ ಬಗ್ಗೆ ಎರಡೇ ಮಾತು. ಬೆಂಗಳೂರಲ್ಲಿ ಓಡಿರೋ ಗಾಡಿ ಇಲ್ಲಿಗೆ ಬಂದ್ರೆ ಮೊದಲು ನೋಡೋದು ಅದನ್ನೇ, ಹಾಫ್ ಕ್ಲಚ್‌ನಲ್ಲಿ ಸಿಗ್ನಲ್ ಕಾದು ಕಾದು ಪ್ಲೇಟ್ ಸವೆದಿರುತ್ತೆ. ಎಎಂಟಿ, ಅಂದ್ರೆ ತಾನೇ ಗೇರ್ ಬದಲಾಯಿಸೋ ಗಾಡಿ ತಗೊಂಡೋರು ನಮಗೆ ಕ್ಲಚ್ಚೇ ಇಲ್ಲ ಅಂತಾರೆ, ಪೆಡಲ್ ಇಲ್ಲ ಅಷ್ಟೇ, ಒಳಗೆ ಅದೇ ಕ್ಲಚ್. ಏರಿನಲ್ಲಿ ಗಾಡಿನ ಆಕ್ಸಿಲರೇಟರ್ ಮೇಲೆ ನಿಲ್ಲಿಸ್ಕೊಂಡ್ರೆ ಅದೂ ಸುಡುತ್ತೆ, ಹ್ಯಾಂಡ್‌ಬ್ರೇಕ್ ಹಾಕಿ.

ಸೇಫ್ಟಿ ಬಗ್ಗೆ ಕೇಳಿದ್ರೆ ಮುಚ್ಚುಮರೆ ಮಾಡಲ್ಲ. 2014ರಲ್ಲಿ ಕಾರುಗಳನ್ನ ಗುದ್ದಿಸಿ ಸೇಫ್ಟಿಗೆ ಸ್ಟಾರ್ ಕೊಡೋ ಗ್ಲೋಬಲ್ ಎನ್‌ಕ್ಯಾಪ್‌ನವ್ರು ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಗುದ್ದಿಸಿ ನೋಡಿದಾಗ ಸಿಕ್ಕಿದ್ದು ಸೊನ್ನೆ ಸ್ಟಾರ್. ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ರೆ ಕೂಗೋದು, 80 ದಾಟಿದ್ರೆ ಬೀಪ್, ಇವೆಲ್ಲ ಕಡ್ಡಾಯ ಆಗಿದ್ದು 2019ರ ಜುಲೈಯಿಂದ. ಅದಕ್ಕಿಂತ ಹಳೇ ಗಾಡಿಯಲ್ಲಿ ಹೈವೇಲಿ ನೂರರ ಮೇಲೆ ಹೋಗೋರನ್ನ ಕಂಡ್ರೆ ನಂಗೆ ಹೊಟ್ಟೆ ಕಿವುಚುತ್ತೆ. ಆದ್ರೆ ಅದಕ್ಕಿಂತ ಸಿಟ್ಟು ಬರೋದು ಸೀಟ್ ಕವರ್ ನೋಡಿದಾಗ. ಹೊಸ ಗಾಡಿಗೆ ರೆಕ್ಸಿನ್ ಕವರ್ ಹೊಲಿಸ್ತಾರೆ, ಹಿಂದಿನ ಸೀಟಿನ ಬೆಲ್ಟ್ ಬಕಲ್‌ಗಳನ್ನೆಲ್ಲ ಕವರ್ ಒಳಗೇ ಹಾಕಿ ಮುಚ್ಚಿರ್ತಾರೆ, ಹುಡುಕಿದ್ರೂ ಸಿಗಲ್ಲ. ಕೇಳಿದ್ರೆ "ಹಿಂದೆ ಯಾರು ಹಾಕ್ತಾರೆ ಅಣ್ಣ" ಅಂತಾರೆ, ಹಿಂದೆ ಕೂರೋದು ಮಕ್ಕಳೇ ಅಲ್ವಾ. ನಮ್ಮ ಹುಡುಗ್ರಿಗೆ ಹೇಳಿಟ್ಟಿದೀನಿ, ಸರ್ವಿಸ್‌ಗೆ ಬಂದ ಗಾಡಿಯಲ್ಲಿ ಹಾಗಿದ್ರೆ ಓನರ್‌ನ ಒಂದು ಮಾತು ಕೇಳಿ ಬ್ಲೇಡಲ್ಲಿ ಸೀಳಿ ಬಕಲ್ ಹೊರಗೆ ತೆಗೀರಿ ಅಂತ.

ಈಗ ಹದಿನೈದು ವರ್ಷ ತುಂಬಿದ ಗಾಡಿಗಳು ಸಾಲಾಗಿ ಬರ್ತಿವೆ, ಆರ್‌ಸಿ ರಿನ್ಯೂವಲ್ ಮಾಡ್ಸೋದಾ ಮಾರೋದಾ ಅಂತ. ಮಾಡ್ಸಿದ್ರೆ ಇನ್ನೈದು ವರ್ಷ ಸಿಗುತ್ತೆ, ಆದ್ರೆ ಆರ್‌ಟಿಒ ಫೀಸ್ ಕಟ್ಟೋ ಮುಂಚೆ ಗಾಡಿನ ಲಿಫ್ಟ್ ಮೇಲೆ ಹಾಕ್ಸಿ. ನಾನು ಎಂಜಿನ್ ಆಮೇಲೆ ನೋಡ್ತೀನಿ, ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಫ್ಲೋರ್ ತಟ್ಕೊಂಡು ಹೋಗ್ತೀನಿ. ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಅಲ್ಲಿ ತಗಡು ಉಳಿದಿಲ್ಲ. ಫ್ಲೋರ್ ಗಟ್ಟಿಯಿದ್ರೆ ಟೈಮಿಂಗ್ ಬೆಲ್ಟ್ ಇರೋ ಹಳೇ 796 ಎಂಜಿನ್ ಆದ್ರೆ ಬೆಲ್ಟ್ ಬದಲಾಯಿಸಿ, ಕೂಲೆಂಟ್, ಬ್ರೇಕ್ ಆಯಿಲ್, ಸಸ್ಪೆನ್ಷನ್ ಬುಷ್, ನಾಲ್ಕು ಟೈರ್ ನೋಡಿ, ಇಷ್ಟು ಮಾಡ್ಸಿ ಇಟ್ಕೊಳ್ಳಿ, ಆ ದುಡ್ಡಿಗೆ ಹೊಸ ಗಾಡಿಯ ಡೌನ್ ಪೇಮೆಂಟೂ ಆಗಲ್ಲ. ಫ್ಲೋರ್ ಹೋಗಿದ್ರೆ ಟಿಂಕರಿಂಗ್‌ಗೆ ದುಡ್ಡು ಸುರೀಬೇಡಿ, ಎಂಜಿನ್ ಎಷ್ಟೇ ಚೆನ್ನಾಗಿದ್ರೂ ಗುಜರಿಗೆ ಹಾಕಿ.